ಅಜ್ಜನ .22 ಹಾರ್ನೆಟ್ ಕೋವಿಗೆ ಯಾವ ತೋಟಾ ಹಿಡಿಸುತ್ತೆ?

ಹೆಬ್ರಿ ಹೊಳೆಬದಿ

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಸುಮ್ನೆ ಓದ್ತಾ ಇದ್ದೆ, ಬರೆಯೋದು ಇದೇ ಮೊದಲು.

ನಮ್ಮ ಮನೆಯಲ್ಲಿ ಅಜ್ಜ ತಗೊಂಡ ಒಂದು ಬ್ರನೋ (ಚೆಕ್ ದೇಶದ ಕಂಪನಿ) ರೈಫಲ್ ಉಂಟು. ಚಿಕ್ಕ ಮೌಸರ್ ಥರದ ಬೋಲ್ಟ್, ಐದು ತೋಟಾದ ಮ್ಯಾಗಜೀನ್, ಎರಡು ಟ್ರಿಗರ್. ಕ್ಯಾಲಿಬರ್ .22 ಹಾರ್ನೆಟ್. ಯಾರಿಗೆ ಹೇಳಿದರೂ ".22 ಅಲ್ವಾ, ತೋಟಾ ಎಲ್ಲ ಕಡೆ ಸಿಗುತ್ತೆ" ಅಂತಾರೆ. ಅದು ಬೇರೆ, ಇದು ಬೇರೆ ಅಂತ ಹೇಳಿ ಹೇಳಿ ಸಾಕಾಗಿದೆ. ಅಪ್ಪನಿಗೆ 70 ದಾಟಿದ ಮೇಲೆ ಲೈಸನ್ಸ್ ನನ್ನ ಹೆಸರಿಗೆ ಬಂತು. ಕಾಗದಪತ್ರ ಎಲ್ಲ ಸರಿ ಉಂಟು, ಆ ಚಿಂತೆ ಬೇಡ.

ನನಗೆ ಬೇಟೆಯ ಆಸೆ ಇಲ್ಲ. ರೇಂಜ್‌ನಲ್ಲಿ ಕಾಗದಕ್ಕೆ ಹೊಡೀಬೇಕು, ಅಷ್ಟೇ. ಅಜ್ಜ ಈ ಕೋವಿಯಲ್ಲಿ ತೆಂಗಿನಮರದ ತುದಿಯ ಒಂದೇ ಒಂದು ಬೊಂಡವನ್ನು ತೊಟ್ಟಿನಿಂದ ಬಿಡಿಸುತ್ತಿದ್ದರು ಅಂತ ಮನೆಯಲ್ಲಿ ಕಥೆ. ನಾನು ಹೋದ ತಿಂಗಳು ಹೊಡೆದಾಗ 50 ಮೀಟರಿಗೆ ಐದು ಗುಂಡು ಒಂದು ಊಟದ ತಟ್ಟೆಯಷ್ಟು ಅಗಲಕ್ಕೆ ಹರಡಿದವು. ಅಜ್ಜನ ಡಬ್ಬಿಯಲ್ಲಿ ಹಳೆಯ ಕೈನಾಕ್ ತೋಟಾ 22 ಇದ್ದವು, ಅದರಲ್ಲಿ ಐದು ಖರ್ಚಾಯಿತು. ಉಳಿದದ್ದು 17.

ಈ ಕೋವಿಗೆ ಯಾವ ತೋಟಾ ಒಳ್ಳೆಯದು? ಒಂದೇ ಹೆಸರು ಹೇಳಿಬಿಡಿ, ಹುಡುಕಿಕೊಂಡು ಬರ್ತೇನೆ.

ಹಳೇ ಕೋವಿಕಾರ

ಒಂದೇ ಹೆಸರು ಹೇಳೋಕೆ ಆಗೋದಿಲ್ಲ ಮಾರಾಯ್ರೆ. ಮೊದಲು ಒಂದು ಪ್ರಶ್ನೆ. ಆ ಡಬ್ಬಿ ಇಷ್ಟು ವರ್ಷ ಎಲ್ಲಿ ಇತ್ತು?

ಹೆಬ್ರಿ ಹೊಳೆಬದಿ

ಹಟ್ಟಿಯ ಅಟ್ಟದಲ್ಲಿ. ಯಾಕೆ?

ಹಳೇ ಕೋವಿಕಾರ

ಹಾಗಿದ್ರೆ ಉಳಿದ 17ನ್ನು ಹೊಡೀಬೇಡಿ.

ನಾನು ಮಂಗಳೂರಿನ ಒಂದು ಕೋವಿ ಅಂಗಡಿಯಲ್ಲಿ ಜೀವಮಾನ ಕಳೆದವನು. ದನದ ಹಟ್ಟಿಯಲ್ಲಿಟ್ಟ ತೋಟಾ ಎಷ್ಟೋ ನೋಡಿದ್ದೇನೆ. ಒಂದು ಮಸೂರ ತಗೊಂಡು ತೋಟಾದ ಕುತ್ತಿಗೆ ನೋಡಿ. ಗುಂಡು ಕೂತಿರೋ ಜಾಗದಲ್ಲಿ ಕೂದಲೆಳೆಯ ಹಾಗೆ ಉದ್ದುದ್ದ ಗೀರು ಕಾಣುತ್ತಾ? ಅದು ಗೀರಲ್ಲ, ಬಿರುಕು. ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು. ಆ 'ಸೀಸನ್' ನಮ್ಮ ಮಳೆಗಾಲವೇ. ಬ್ರಿಟಿಷರ ಕಾಲದಲ್ಲಿ ಸೈನ್ಯದವರು ಮಳೆಗಾಲ ಮುಗಿಯೋವರೆಗೆ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರಂತೆ. ಮಳೆ ಬಿಟ್ಟು ತೆಗೆದು ನೋಡಿದ್ರೆ ಹಿತ್ತಾಳೆ ಎಲ್ಲ ಸೀಳಿರುತ್ತಿತ್ತು. ಕಾರಣ ಗೊತ್ತಾಗಿದ್ದು 1921ರಲ್ಲಿ. ಕುದುರೆ ಮೂತ್ರದ ಅಮೋನಿಯಾ, ತೋಟಾ ಮಾಡುವಾಗ ಹಿತ್ತಾಳೆಯಲ್ಲಿ ಉಳಿದ ಬಿಗಿತ, ಎರಡೂ ಸೇರಿದ್ರೆ ಹಿತ್ತಾಳೆ ತಾನಾಗಿ ಬಿರಿಯುತ್ತೆ. ಕುದುರೆ ಆದ್ರೇನು, ದನ ಆದ್ರೇನು.

ಹಾರ್ನೆಟ್‌ನ ಚಿಪ್ಪು ಮೊದಲೇ ತೆಳು. ಬಿರಿದ ಕುತ್ತಿಗೆ ಒಂದೊಂದೂ ಒಂದೊಂದು ಬಿಗಿಯಲ್ಲಿ ಗುಂಡನ್ನು ಹಿಡಿದಿರುತ್ತೆ. ನಿಮ್ಮ ಊಟದ ತಟ್ಟೆಗೆ ಅದೊಂದೇ ಕಾರಣ ಸಾಕು. ಉಳಿದದ್ದನ್ನು ನೀವೇ ಬಿಚ್ಚೋದು, ಹೂಳೋದು ಬೇಡ. ಲೈಸನ್ಸ್ ಇರೋ ಅಂಗಡಿಗೆ ಅಥವಾ ಠಾಣೆಗೆ ಒಪ್ಪಿಸಿ, ರಸೀದಿ ತಗೊಳ್ಳಿ.

ಇನ್ನೊಂದು. ಅಷ್ಟು ಹಳೆಯ ಕೈನಾಕ್‌ನಲ್ಲಿ ಕ್ಯಾಪಿನ ಮದ್ದು ತುಕ್ಕು ತರುವಂಥದ್ದು ಇರಬಹುದು. ಹೊಡೆದು ಒಂದು ತಿಂಗಳು ಆಯ್ತು ಅಂತೀರಿ. ನಳಿಗೆ ತೊಳೆದಿದ್ದೀರಾ?

ಹೆಬ್ರಿ ಹೊಳೆಬದಿ

ಬಟ್ಟೆ ಎಳೆದು ತೆಂಗಿನೆಣ್ಣೆ ಹಚ್ಚಿದ್ದೆ. ಅಜ್ಜ ಹಾಗೇ ಮಾಡುತ್ತಿದ್ದರು.

ಹಳೇ ಕೋವಿಕಾರ

ಅಯ್ಯೋ. ಆ ಮದ್ದು ಬಿಟ್ಟು ಹೋಗೋದು ಉಪ್ಪು. ಎಣ್ಣೆಯಲ್ಲಿ ಉಪ್ಪು ಕರಗೋದಿಲ್ಲ, ನೀರಲ್ಲಿ ಕರಗುತ್ತೆ. ಬೋಲ್ಟ್ ತೆಗೆದು, ಹಿಂದಿನಿಂದ ಕುದಿಯೋ ನೀರು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಕೋವಿ ಎಣ್ಣೆ. ತೆಂಗಿನೆಣ್ಣೆ ತಲೆಗೆ ಇರಲಿ. ಬೋಲ್ಟಿನ ಒಳಗೆ ಅದು ವರ್ಷಗಟ್ಟಲೆ ಕೂತು ಹಲಸಿನ ಮೇಣದ ಹಾಗೆ ಆಗಿರುತ್ತೆ. ಇವತ್ತೇ ಮಾಡಿ.

ಬೆಳ್ತಂಗಡಿ ಅಡಿಕೆ

ನನ್ನದೊಂದು ಪ್ರಶ್ನೆ. ಇದರಲ್ಲಿ ಹಂದಿಗೆ ಆಗುತ್ತಾ? ನಮ್ಮಲ್ಲಿ ರಾತ್ರಿ ಬಂದರೆ ಅರ್ಧ ಗದ್ದೆ ಉತ್ತು ಹಾಕಿ ಹೋಗುತ್ತೆ. ನನ್ನ ಹತ್ರ ಇರೋದು ಒಂಟಿ ನಳಿಗೆಯ ಬೆಳೆ ರಕ್ಷಣೆ ಕೋವಿ. ಅದೂ ಎಲೆಕ್ಷನ್ ಬಂದ ಕೂಡ್ಲೇ ಠಾಣೆಗೆ. 2024ರಲ್ಲಿ ಮಾರ್ಚ್ ತಿಂಗಳಲ್ಲಿ ಕೊಟ್ಟಿದ್ದು, ವಾಪಸ್ ಸಿಕ್ಕಿದಾಗ ಮಳೆ ಶುರುವಾಗಿತ್ತು. ನಳಿಗೆಯ ಒಳಗೆ ಕೆಂಪು ಪುಡಿ.

ಕುಡ್ಲದ ವಕೀಲ

ಅಡಿಕೆಯವರೇ, ಎರಡು ಮಾತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ. ಹಂದಿ ಬೆಳೆ ತಿಂದರೂ ನೀವಾಗಿ ಹೊಡೆಯೋ ಹಾಗಿಲ್ಲ. 11ನೇ ಕಲಂ ಕೆಳಗೆ ಅಧಿಕಾರ ಇರೋ ಅರಣ್ಯ ಅಧಿಕಾರಿ ಲಿಖಿತ ಅನುಮತಿ ಕೊಟ್ಟರೆ ಮಾತ್ರ. ಅಮೆರಿಕದವರು 'ವರ್ಮಿಂಟ್' ಅಂತಾರಲ್ಲ, ಅದಕ್ಕೆ ಹತ್ತಿರದ ಮಾತು ನಮ್ಮ ಕಾಯ್ದೆಯಲ್ಲಿ 'ಉಪದ್ರವಿ ಪ್ರಾಣಿ'. ಮೊದಲು 5ನೇ ಅನುಸೂಚಿಯಲ್ಲಿ ಇಲಿ, ಕಾಗೆ, ಬಾವಲಿ ಇದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಈಗ ಕೇಂದ್ರ ಸರ್ಕಾರ ಒಂದು ಜಾಗಕ್ಕೆ, ಒಂದು ಅವಧಿಗೆ ಅಂತ ಅಧಿಸೂಚನೆ ಹೊರಡಿಸಿದರೆ ಮಾತ್ರ.

ಹೆಬ್ರಿಯವರು ರೇಂಜ್ ಅಂತ ಹೇಳಿದ್ದಾರೆ. ಚರ್ಚೆ ಅಲ್ಲೇ ಇರಲಿ.

ಹಳೇ ಕೋವಿಕಾರ

ಕಾನೂನು ಬಿಟ್ಟು ನೋಡಿದರೂ ಹಾರ್ನೆಟ್ ಹಂದಿಯ ತೋಟಾ ಅಲ್ಲ. ಅಷ್ಟು ಹಗುರದ ಗುಂಡು ಮೈಮೇಲೆ ಒಡೆದು ಹೋಗುತ್ತೆ. ಗಾಯಗೊಂಡ ಹಂದಿ ಬಿದಿರು ಹಿಂಡಲಿನಲ್ಲಿ ಕೂತು ಮರುದಿನ ಯಾರನ್ನೋ ಸೀಳುತ್ತೆ.

ಡಕೋಟದ ಕುಂದಾಪ್ರದವ

ಈ ಎಳೆ ನೋಡಿ ಖುಷಿ ಆಯ್ತು. ನಾನು ಸೌತ್ ಡಕೋಟದಲ್ಲಿ ಇದ್ದೇನೆ. ಇಲ್ಲಿ ಪ್ರೇರಿ ಡಾಗ್ ಅಂತ ಒಂದು ಪ್ರಾಣಿ. ಹೆಸರಲ್ಲಿ ನಾಯಿ, ಜಾತಿಯಲ್ಲಿ ಅಳಿಲಿನ ನೆಂಟ. ಹುಲ್ಲುಗಾವಲು ತುಂಬ ಬಿಲ ತೋಡುತ್ತೆ. ಅದಕ್ಕೆ ಲೈಸನ್ಸ್ ತಗೊಂಡು ಹೊಡೀತಾರೆ. ನನ್ನ ಹತ್ರ ಒಂದು .204 ರೂಗರ್, ಒಂದು ಸೀಝಡ್ 527 ಹಾರ್ನೆಟ್ ಉಂಟು. 527 ಅಂದ್ರೆ ನಿಮ್ಮ ಅಜ್ಜನ ಬ್ರನೋದ ಮೊಮ್ಮಗ.

ಹಾರ್ನೆಟ್‌ನ ಕಥೆ ಸ್ವಲ್ಪ ಗೊತ್ತಿದ್ದರೆ ತೋಟಾ ಆರಿಸೋದು ಸುಲಭ. ಇದು ಹಳೆಯ .22 ಡಬ್ಲ್ಯೂಸಿಎಫ್ ಅನ್ನೋ 1885ರ ಕಪ್ಪುಮದ್ದಿನ ತೋಟಾದಿಂದ ಹುಟ್ಟಿದ್ದು. 1920ರ ದಶಕದ ಕೊನೆಯಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯ ಕೆಲವು ಉತ್ಸಾಹಿಗಳು ಅದಕ್ಕೆ ಹೊಸ ಮದ್ದು ತುಂಬಿ ಆಟ ಆಡಿದರು. ಟೌನ್ಸೆಂಡ್ ವೀಲನ್ ಅವರಲ್ಲಿ ಒಬ್ಬರು. 1930ರಲ್ಲಿ ವಿಂಚೆಸ್ಟರ್ ತೋಟಾ ಮಾರೋಕೆ ಶುರು ಮಾಡಿತು. ತಮಾಷೆ ಅಂದ್ರೆ ಆಗ ಈ ತೋಟಾಕ್ಕೆ ಕಾರ್ಖಾನೆಯ ಕೋವಿಯೇ ಇರಲಿಲ್ಲ! ಕೋವಿ ಬಂದದ್ದು ಆಮೇಲೆ. ಮೊದಮೊದಲ ಹಾರ್ನೆಟ್‌ಗಳಿಗೆ .22 ರಿಮ್‌ಫೈರ್ (ಅಂಚಿಗೆ ಪೆಟ್ಟು ಬಿದ್ದು ಸಿಡಿಯೋ ಸಣ್ಣ ತೋಟಾ) ನಳಿಗೆಯನ್ನೇ ಹಾಕಿದ್ದರು. ಅದರ ಗೀರಿನ ಅಳತೆ 0.223 ಇಂಚು. ಆಮೇಲಿನವು 0.224. ಈಗಿನ ಕಾರ್ಖಾನೆ ತೋಟಾ ಸಾಮಾನ್ಯವಾಗಿ 0.224. ಒಂದು ಇಂಚಿನ ಸಾವಿರದ ಒಂದು ಭಾಗ ವ್ಯತ್ಯಾಸ, ಆದ್ರೂ ಕಾಗದದ ಮೇಲೆ ಗೊತ್ತಾಗುತ್ತೆ. ಆದ್ದರಿಂದ ನಿಮ್ಮ ನಳಿಗೆ ಯಾವ ಅಳತೆ ಅಂತ ಮೊದಲು ತಿಳಿಯಬೇಕು.

ಎರಡನೇದು ಸುತ್ತು. ನಳಿಗೆಯ ಒಳಗಿನ ತಿರುಪು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತೆ ಅನ್ನೋದು. ಹಾರ್ನೆಟ್‌ಗೆ ಹೆಚ್ಚಾಗಿ 16 ಇಂಚಿಗೆ ಒಂದು. ಇದು ನಿಧಾನದ ಸುತ್ತು. ಗಿಡ್ಡ ಗುಂಡು ಚೆನ್ನಾಗಿ ತಿರುಗುತ್ತೆ, ಉದ್ದದ ಗುಂಡು ಓಲಾಡುತ್ತೆ. ತೀರಾ ಉದ್ದ ಆದರೆ ಅಡ್ಡಡ್ಡ ಹೋಗಿ ಕಾಗದದಲ್ಲಿ ಬೀಗದ ಕಣ್ಣಿನ ಹಾಗೆ ತೂತು ಮಾಡುತ್ತೆ. ತೂಕಕ್ಕಿಂತ ಉದ್ದ ಮುಖ್ಯ. ಸೀಸ ಇಲ್ಲದ ತಾಮ್ರದ ಗುಂಡು ಅದೇ ತೂಕಕ್ಕೆ ಉದ್ದ ಜಾಸ್ತಿ, ಆ ಬಲೆಗೆ ಬೀಳಬೇಡಿ. 16ರ ನಳಿಗೆಗೆ 45 ಗ್ರೈನ್ ತೂಕದ ಗುಂಡು ಹಳೆಯ ಸ್ನೇಹಿತ. 50ರ ಮೇಲೆ ಅದೃಷ್ಟ.

ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಮೂರು ಬಗೆ. ಒಂದು, 45 ಗ್ರೈನಿನ ಮೆತ್ತನೆ ಮೂತಿ. ವಿಂಚೆಸ್ಟರ್, ರೆಮಿಂಗ್ಟನ್, ಸೆಲಿಯರ್ ಆ್ಯಂಡ್ ಬೆಲ್ಲೋ, ಪ್ರವಿ ಪಾರ್ಟಿಜಾನ್ ಎಲ್ಲರೂ ಮಾಡಿದ್ದಾರೆ. ಎರಡು, 46 ಗ್ರೈನಿನ ಟೊಳ್ಳು ಮೂತಿ. ಇವೆರಡಕ್ಕೂ ವಿಂಚೆಸ್ಟರ್ ಬರೆಯೋ ವೇಗ ಸೆಕೆಂಡಿಗೆ 2,690 ಅಡಿ. ಮೂರು, 35 ಗ್ರೈನಿನ ಪ್ಲಾಸ್ಟಿಕ್ ಮೂತಿ. ಹಾರ್ನಡಿಯ ವಿ-ಮ್ಯಾಕ್ಸ್ 3,100 ಅಡಿ. ಬಹಳ ಜನರ ಹಾರ್ನೆಟ್‌ಗೆ ಇದು ಹೊಸ ಜೀವ ಕೊಟ್ಟಿದೆ. ನನ್ನ 527ಗೂ ಇದೇ ಇಷ್ಟ. ನಿಮ್ಮ ಬ್ರನೋಗೆ ಏನಿಷ್ಟ ಅಂತ ಅದೇ ಹೇಳಬೇಕು.

ಮಣಿಪಾಲ ಬೈಕರ್

ಇಷ್ಟೆಲ್ಲ ಯಾಕೆ? ಯಾವುದು ಜಾಸ್ತಿ ಫಾಸ್ಟ್, ಯಾವುದು ಜಾಸ್ತಿ ರೇಟ್, ಅದು ತಗೊಳ್ಳಿ. 3,100 ಅಂದ್ರೆ 2,690ಕ್ಕಿಂತ ಒಳ್ಳೆಯದು ತಾನೆ? ಗುಂಡು ನೇರ ಹೋಗುತ್ತೆ.

ಡಕೋಟದ ಕುಂದಾಪ್ರದವ

ವೇಗ ಇದ್ದರೆ ಇಳಿತ ಕಡಿಮೆ, ಅದು ನಿಜ. 45 ಗ್ರೈನನ್ನು 100 ಗಜಕ್ಕೆ ಹೊಂದಿಸಿದರೆ 200ರಲ್ಲಿ ಏಳೆಂಟು ಇಂಚು ಕೆಳಗೆ ಬೀಳುತ್ತೆ. 35 ಗ್ರೈನ್ ಅದಕ್ಕಿಂತ ಕಡಿಮೆ. ಆದ್ರೆ ಇಳಿತ ಪ್ರತಿ ಸಲ ಒಂದೇ. ಗೊತ್ತಿದ್ದರೆ ಮೇಲೆ ಹಿಡಿದರಾಯ್ತು. ಹರಡೋದಕ್ಕೆ ಮದ್ದಿಲ್ಲ. ನಮ್ಮ ಗಂಗೊಳ್ಳಿ ಬಸ್ ದಿನಾ ಹತ್ತು ನಿಮಿಷ ತಡ ಅಂದ್ರೆ ನೀವೂ ಹತ್ತು ನಿಮಿಷ ತಡವಾಗಿ ಹೋಗ್ತೀರಿ. ಒಂದಿನ ಬೇಗ, ಒಂದಿನ ತಡ ಅಂದ್ರೆ ಎಂತ ಮಾಡ್ತೀರಿ? ನನ್ನ .204ರಲ್ಲಿ 32 ಗ್ರೈನ್ 4,225 ಅಡಿ ವೇಗ ಅಂತ ಡಬ್ಬಿ ಮೇಲೆ ಉಂಟು. ಆದ್ರೂ ನನ್ನ ನಳಿಗೆಗೆ ಅದಕ್ಕಿಂತ ನಿಧಾನದ 40 ಗ್ರೈನೇ ಚೆನ್ನಾಗಿ ಕೂರೋದು.

ಹತ್ತು ಪಾಯಿಂಟ್ ಒಂಬತ್ತು

ಬೈಕರ್ ಅವರೇ, ನಾನು ಮಕ್ಕಳಿಗೆ ಏರ್ ರೈಫಲ್, .22 ಹೇಳಿಕೊಡ್ತೇನೆ. ಒಂದೇ ಕಂಪನಿ, ಒಂದೇ ಮಾಡೆಲ್, ಪಕ್ಕಪಕ್ಕದ ನಂಬರಿನ ಎರಡು ರೈಫಲ್. ಒಂದಕ್ಕೆ ಅಮೃತ ಆದ ತೋಟಾ ಇನ್ನೊಂದಕ್ಕೆ ಆಗೋದಿಲ್ಲ. ಗುಂಡು ಹೊರಡುವಾಗ ನಳಿಗೆ ನಡುಗುತ್ತೆ. ಗುಂಡು ಬಾಯಿ ದಾಟೋ ಹೊತ್ತಿಗೆ ಆ ನಡುಕ ಪ್ರತಿ ಸಲ ಒಂದೇ ಜಾಗದಲ್ಲಿ ಇದ್ದರೆ ಗ್ರೂಪ್, ಅಂದ್ರೆ ಕಾಗದದ ಮೇಲಿನ ತೂತುಗಳ ಗುಂಪು, ಚಿಕ್ಕದು. ಯಾವ ತೋಟಾಕ್ಕೆ ಹಾಗಾಗುತ್ತೆ ಅಂತ ರೇಟ್ ನೋಡಿ ಹೇಳೋಕೆ ಬರೋದಿಲ್ಲ.

ಹೆಬ್ರಿಯವರೇ, ಪರೀಕ್ಷೆ ಹೀಗೆ ಮಾಡಿ. ಸಿಕ್ಕಷ್ಟು ಬಗೆ ತನ್ನಿ, ಪ್ರತಿಯೊಂದೂ ಒಂದೇ ಲಾಟ್ (ಒಟ್ಟಿಗೆ ತಯಾರಾದ ಕಂತು) ಇರಲಿ. ಕೋವಿ ಮರಳ ಚೀಲದ ಮೇಲೆ. ಚೀಲ ಕೋವಿಯ ಮರದ ಭಾಗದ ಕೆಳಗೆ ಬರಲಿ, ನಳಿಗೆಗೆ ತಾಗಬಾರದು. ಬಗೆ ಬದಲಾಯಿಸುವಾಗ ನಳಿಗೆ ಒರೆಸಿ, ಹೊಸ ಬಗೆಯ ಎರಡು ಗುಂಡು ಲೆಕ್ಕಕ್ಕೆ ಇಲ್ಲದೆ ಹೊಡೀರಿ. ಆಮೇಲೆ ಐದರ ಗ್ರೂಪ್ ಎರಡು. ಮೂರು ಗುಂಡಿನ ಗ್ರೂಪ್ ನಂಬಬೇಡಿ, ಅದು ಸುಳ್ಳು ಹೇಳುತ್ತೆ. ನಾನೇ ಮೂರು ಗುಂಡು ಒಂದೇ ತೂತಿಗೆ ಹೊಡೆದು ಊರೆಲ್ಲ ಫೋಟೊ ಹಂಚಿದ್ದೆ. ನಾಲ್ಕನೆಯದು ಎಲ್ಲಿ ಹೋಯಿತು ಅಂತ ಯಾರಿಗೂ ತೋರಿಸಿಲ್ಲ. ನಿಮ್ಮ ನಳಿಗೆ ತೆಳು, ಬೇಗ ಬಿಸಿ ಆಗುತ್ತೆ. ಕೈ ಇಟ್ಟರೆ ತಣ್ಣಗೆ ಅನ್ನಿಸೋವರೆಗೆ ಕಾಯಿರಿ. ಮಧ್ಯಾಹ್ನ ಕಡಲಗಾಳಿ ಏಳುತ್ತೆ, ಬೆಳಿಗ್ಗೆ ಎಂಟರೊಳಗೆ ಮುಗಿಸಿ.

ಅಳೆಯುವಾಗ ದೂರದ ಎರಡು ತೂತುಗಳ ನಡು-ನಡು ಅಳತೆ. 50 ಮೀಟರಿಗೆ ಒಂದು ಮಿನಿಟ್ (ಕೋನದ ಅಳತೆ, ಒಂದು ಡಿಗ್ರಿಯ 60ರಲ್ಲಿ ಒಂದು ಭಾಗ) ಅಂದ್ರೆ ಹದಿನಾಲ್ಕೂವರೆ ಮಿಲಿಮೀಟರ್. ಹಳೆಯ ಹಾರ್ನೆಟ್ ಒಂದೂವರೆ ಮಿನಿಟ್ ಒಳಗೆ ಬಂದರೆ ನಾನಾದ್ರೆ ಪಾಯಸ ಮಾಡಿಸ್ತೇನೆ.

ಮುಖ್ಯವಾದ್ದು ಮರೆತೆ. ಹೋಗೋ ಮೊದಲು ರೇಂಜ್ ಅಧಿಕಾರಿಯನ್ನು ಕೇಳಿ. ಬಹಳಷ್ಟು 50 ಮೀಟರ್ ರೇಂಜ್‌ಗಳ ಹಿಂದಿನ ಗೋಡೆ ರಿಮ್‌ಫೈರ್‌ಗೆ ಅಂತ ಕಟ್ಟಿದ್ದು. ಹಾರ್ನೆಟ್‌ನ ಶಕ್ತಿ ಅದರ ಐದಾರು ಪಟ್ಟು. '.22' ಅಂತ ಹೇಳಿ ಒಳಗೆ ಹೋಗಬೇಡಿ, 'ಸೆಂಟರ್‌ಫೈರ್' (ತೋಟಾದ ತಳದ ನಡುವಿಗೆ ಪೆಟ್ಟು ಬಿದ್ದು ಸಿಡಿಯೋದು) ಅಂತ ಬಿಡಿಸಿ ಹೇಳಿ.

ಮಣಿಪಾಲ ಬೈಕರ್

ಸರಿ ಸರಿ, ಒಪ್ಪಿದೆ. ಗ್ರೈನ್ ಅಂದ್ರೆ ಎಷ್ಟು ಗ್ರಾಂ ಅಂತ ಯಾರಾದ್ರೂ ಹೇಳಿ.

ಹಳೇ ಕೋವಿಕಾರ

ಒಂದು ಗ್ರೈನ್ ಸುಮಾರು 65 ಮಿಲಿಗ್ರಾಂ. 45 ಗ್ರೈನ್ ಅಂದ್ರೆ ಮೂರು ಗ್ರಾಂಗೆ ಸ್ವಲ್ಪ ಕಡಿಮೆ. ರಥಬೀದಿಯ ಹಳೆಯ ಅಕ್ಕಸಾಲಿಗರ ಲೆಕ್ಕದಲ್ಲಿ ಹೆಚ್ಚುಕಡಿಮೆ 24 ಗುಲಗಂಜಿ. ಅಷ್ಟೇ ತೂಕ. ಅದಕ್ಕೇ ಗಾಳಿ ಅಂದ್ರೆ ಅದಕ್ಕೆ ಭಯ.

ಹೆಬ್ರಿ ಹೊಳೆಬದಿ

ಹದಿನೈದು ದಿನ ಕಾಣಿಸಿರಲಿಲ್ಲ, ಕ್ಷಮಿಸಿ. ಗದ್ದೆ ಕಟಾವು.

ಮೊದಲು ಬಿಸಿನೀರು. ನಳಿಗೆಯಿಂದ ಬಂದ ನೀರು ಚಹಾದ ಬಣ್ಣ. ಮೂರು ಸಲ ಹಾಕಿದ ಮೇಲೆ ತಿಳಿ ಆಯ್ತು. ಬಾಯಿಯ ಹತ್ತಿರ ಒಂದೆರಡು ಕಡೆ ಸಣ್ಣ ಗುಳಿ ಬಿದ್ದಿದೆ. ಅದು ನನ್ನದೇ ತಪ್ಪು, ಅಜ್ಜನದ್ದಲ್ಲ. ತೋಟಾಗಳ ಕುತ್ತಿಗೆಯನ್ನು ಮಸೂರದಲ್ಲಿ ನೋಡಿದೆ. 17ರಲ್ಲಿ 11ಕ್ಕೆ ಬಿರುಕು. ಒಂದರಲ್ಲಿ ಗುಂಡು ಬೆರಳಿಗೇ ತಿರುಗಿತು. ಎಲ್ಲ ಒಪ್ಪಿಸಿ ರಸೀದಿ ತಗೊಂಡೆ.

ಸುತ್ತು ಅಳೆದದ್ದು ಹೀಗೆ. ಕೋವಿ ಖಾಲಿ ಅಂತ ಎರಡು ಸಲ ನೋಡಿ ಬೋಲ್ಟ್ ತೆಗೆದೆ. ಕ್ಲೀನಿಂಗ್ ಕೋಲಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಿದೆ. ಕೋಲಿನ ಮೇಲೆ ಬಣ್ಣದ ಒಂದು ಚುಕ್ಕೆ ಇಟ್ಟಿದ್ದೆ. ತಳ್ಳುತ್ತಾ ಹೋದ ಹಾಗೆ ಕೋಲು ಕೈಯಲ್ಲಿ ತಾನಾಗಿ ತಿರುಗುತ್ತೆ, ಅದು ಮಜಾ ಅನ್ನಿಸಿತು. ಚುಕ್ಕೆ ಮೇಲಿಂದ ಹೊರಟು ಪುನಃ ಮೇಲೆ ಬರುವಾಗ ಕೋಲು ಒಳಗೆ ಹೋದದ್ದು 16 ಇಂಚು. ಮೂರು ಸಲ ನೋಡಿದೆ, ಮೂರು ಸಲವೂ ಅಷ್ಟೇ.

ನಳಿಗೆಯ ಅಳತೆ ಒಬ್ಬ ಅನುಭವಿ ಕೋವಿ ಮೆಕ್ಯಾನಿಕ್ ಮಾಡಿಕೊಟ್ಟರು. ಮೆತ್ತನೆ ಸೀಸ ಬೇಕು ಅಂದರು. ನಾನು ಮಲ್ಪೆಯಲ್ಲಿ ಬಲೆಗೆ ಕಟ್ಟೋ ಸೀಸದ ಮಣಿ ತಂದುಕೊಟ್ಟೆ. ಅದನ್ನು ತಟ್ಟಿ ಸ್ವಲ್ಪ ದಪ್ಪ ಮಾಡಿ, ಎಣ್ಣೆ ಹಚ್ಚಿ, ಬಾಯಿಯಿಂದ ಹಿತ್ತಾಳೆ ಕೋಲಲ್ಲಿ ಮೆಲ್ಲ ಮೆಲ್ಲ ತಟ್ಟಿ ಹಿಂದಿನಿಂದ ಹೊರಗೆ ಬರಿಸಿದರು. ಮಣಿಯ ಮೈಮೇಲೆ ಗೀರುಗಳ ಅಚ್ಚು ಅಷ್ಟು ಚಂದ ಬಿದ್ದಿತ್ತು. ಮೈಕ್ರೋಮೀಟರಿನಲ್ಲಿ 0.2238. ಅಂದ್ರೆ ನನ್ನದು 0.224ರ ನಳಿಗೆ. ಒಂದು ತಲೆನೋವು ಕಡಿಮೆ ಆಯ್ತು.

ಈಗ ತೋಟಾ. ಊರಲ್ಲಿ ಸಿಗಲಿಲ್ಲ. ಬೆಂಗಳೂರಿನ ಎರಡು ಅಂಗಡಿ ಹುಡುಕಿ ಹಳೆಯ ಸ್ಟಾಕಿನ ಮೂರು ಬಗೆ ತಂದೆ, ತಲಾ 25. ಎಲ್ಲ ಲೈಸನ್ಸ್ ಪುಸ್ತಕದಲ್ಲಿ ಬರೆಸಿದ್ದೇನೆ. ಒಂದೊಂದು ತೋಟಾಕ್ಕೂ ಮಸಾಲೆ ದೋಸೆಗಿಂತ ಜಾಸ್ತಿ. ಕಂಪನಿ ಹೆಸರು ಬರೆಯೋದಿಲ್ಲ. ನನ್ನ ಒಂದು ನಳಿಗೆ ನೋಡಿ ಯಾರೂ ಯಾವ ಕಂಪನಿಗೂ ಅಂಕ ಕೊಡಬೇಡಿ. ಎ ಅಂದ್ರೆ 45 ಗ್ರೈನ್ ಮೆತ್ತನೆ ಮೂತಿ, ಬಿ ಅಂದ್ರೆ 35 ಪ್ಲಾಸ್ಟಿಕ್ ಮೂತಿ, ಸಿ ಅಂದ್ರೆ 46 ಟೊಳ್ಳು ಮೂತಿ. ಶನಿವಾರ ರೇಂಜ್. ಸೆಂಟರ್‌ಫೈರ್‌ಗೆ ಒಪ್ಪಿಗೆ ಇರೋ ಜಾಗವೇ.

ಹಳೇ ಕೋವಿಕಾರ

ಹೊಡೆಯೋ ಮೊದಲು ತೋಟಾದ ಅಂಚಿನ ದಪ್ಪ ವರ್ನಿಯರಿನಲ್ಲಿ ನೋಡಿ. ಹಾರ್ನೆಟ್ ತನ್ನ ಅಂಚಿನ ಮೇಲೆ ಕೂರೋ ತೋಟಾ. ಒಂದು ದಪ್ಪ ಒಂದು ತೆಳು ಇದ್ದರೆ ಒಂದು ಬಿಗಿ, ಒಂದು ಸಡಿಲ. ಒಂದೇ ದಪ್ಪದವನ್ನು ಒಂದು ಗ್ರೂಪಿಗೆ ಇಟ್ಟುಕೊಳ್ಳಿ. ಅಳೆಯೋದು ಅಷ್ಟೇ, ತಿದ್ದೋಕೆ ಹೋಗಬೇಡಿ. ಗುಂಡು ಬಿಚ್ಚಿ ಮದ್ದು ಬದಲಾಯಿಸೋದಂತೂ ಬೇಡವೇ ಬೇಡ. ಲೈಸನ್ಸ್ ಇಲ್ಲದೆ ತೋಟಾ ತಯಾರಿಸೋದು ಇಲ್ಲಿ ಅಪರಾಧ.

ಹೆಬ್ರಿ ಹೊಳೆಬದಿ

ಶನಿವಾರದ ಕಥೆ. ಬೇಜಾರಾಗಿದೆ.

ಹೇಳಿದ ಹಾಗೇ ಮಾಡಿದೆ. ಎರಡು ಗ್ರೂಪಿನ ಸರಾಸರಿ ಎ 41 ಮಿಲಿಮೀಟರ್, ಬಿ 38, ಸಿ 52. ಎಲ್ಲವೂ ಕೆಟ್ಟದ್ದು. ಒಂದು ವಿಚಿತ್ರ ಅಂದ್ರೆ ಮೂರರಲ್ಲೂ ಗುಂಡುಗಳು ಮೇಲೆ-ಕೆಳಗೆ ಸಾಲಾಗಿ ನಿಂತಿವೆ. ಅಗಲ ಹೆಚ್ಚಿಲ್ಲ. ಬಾಯಿಯ ಗುಳಿಯಿಂದ ಹೀಗಾಗುತ್ತಾ? ನಳಿಗೆ ಹೋಯ್ತಾ?

ಹತ್ತು ಪಾಯಿಂಟ್ ಒಂಬತ್ತು

ಮೂರು ಬಗೆಯೂ ಒಂದೇ ಥರ ಹಟ ಮಾಡಿದರೆ ತಪ್ಪು ತೋಟಾದ್ದಲ್ಲ. ಮೇಲೆ-ಕೆಳಗೆ ಸಾಲು ಅಂದ್ರೆ ನನಗೆ ಮೊದಲು ಅನುಮಾನ ಬರೋದು ಮರದ ಮೇಲೆ. ಕಬ್ಬಿಣವನ್ನು ಮರಕ್ಕೆ ಕಟ್ಟೋ ತಿರುಪುಗಳನ್ನು ನೋಡಿದ್ದೀರಾ? ಹತ್ತು ರೂಪಾಯಿ ನೋಟನ್ನು ನಳಿಗೆ ಮತ್ತು ಮರದ ನಡುವೆ ಹಾಕಿ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತೆ?

ಹೆಬ್ರಿ ಹೊಳೆಬದಿ

ಅಯ್ಯೋ ದೇವರೇ. ಮುಂದಿನ ತಿರುಪು ಬೆರಳಲ್ಲೇ ಅರ್ಧ ಸುತ್ತು ತಿರುಗಿತು!

ನೋಟು ಎಡಗಡೆ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತೆ. ಅಲ್ಲಿ ಮರ ಉಬ್ಬಿ ನಳಿಗೆಗೆ ಒತ್ತುತ್ತಿದೆ. ಮಳೆಗಾಲ ಪೂರ್ತಿ ಕೋವಿ ಗೋಡೆಗೆ ಆನಿಸಿ ನಿಂತಿತ್ತು, ಆ ಗೋಡೆ ಆಟಿ ತಿಂಗಳಲ್ಲಿ ಬೆವರುತ್ತೆ.

ಹಳೇ ಕೋವಿಕಾರ

ಬೇಸಿಗೆಯಲ್ಲಿ ಮರ ಕುಗ್ಗಿ ತಿರುಪು ಸಡಿಲ, ಮಳೆಯಲ್ಲಿ ಉಬ್ಬಿ ನಳಿಗೆಗೆ ಒತ್ತಡ. ನಮ್ಮ ಕರಾವಳಿಯ ಕೋವಿಗಳಿಗೆ ಇದು ವರ್ಷಾವಧಿ ಜಾತ್ರೆ. ಆ ಮೆಕ್ಯಾನಿಕ್ ಹತ್ರವೇ ಹೋಗಿ. ಒತ್ತೋ ಜಾಗವನ್ನು ಕೂದಲಿನಷ್ಟು ಕೆರೆದು ಒಳಗೆ ಎಣ್ಣೆ ಕುಡಿಸಲಿ. ತಿರುಪು ಬಿಗಿ ಮಾಡುವಾಗ ಕೈ ಬಿಗಿ ಸಾಕು. ಎತ್ತಿನ ಗಾಡಿಯ ಕೀಲು ಅಲ್ಲ ಅದು.

ಡಕೋಟದ ಕುಂದಾಪ್ರದವ

ಪುನಃ ಮೂರನ್ನೂ ಹೊಡೀರಿ. ಸಡಿಲ ತಿರುಪಿನಲ್ಲಿ ಬಂದ ಅಂಕ ಯಾವುದಕ್ಕೂ ಲೆಕ್ಕ ಇಲ್ಲ. ಬಿ ಗೆದ್ದಿದೆ ಅಂತ ಈಗಲೇ ಡಬ್ಬಿ ಡಬ್ಬಿ ತಗೋಬೇಡಿ.

ಹೆಬ್ರಿ ಹೊಳೆಬದಿ

ಇಷ್ಟು ದಿನ ಕಾದದ್ದಕ್ಕೆ ಸಾರ್ಥಕ ಆಯ್ತು. ನಿನ್ನೆ ಬೆಳಿಗ್ಗೆ ಆರೂವರೆಗೆ ರೇಂಜ್‌ನಲ್ಲಿ ಇದ್ದೆ. ಬಾವುಟದ ಬಟ್ಟೆ ಅಲುಗುತ್ತಿರಲಿಲ್ಲ.

ಬಿ ಮೊದಲು ಹೊಡೆದೆ, ಆಸೆ ಇತ್ತಲ್ಲ. 34. ಸಿ 21. ಕೊನೆಗೆ ಎ. ಮೊದಲ ಗ್ರೂಪಿನ ನಾಲ್ಕು ಗುಂಡು ಆದ ಮೇಲೆ ಸ್ಕೋಪಿನಲ್ಲಿ ನೋಡಿದೆ. ಮೂರು ತೂತು ಒಂದರೊಳಗೊಂದು, ನಾಲ್ಕನೆಯದು ಅಂಟಿಕೊಂಡಿದೆ. ಐದನೆಯದಕ್ಕೆ ಕೈ ನಡುಗೋಕೆ ಶುರು. ಹಿಂದಿನ ಟ್ರಿಗರ್ ಎಳೆದು ಮುಂದಿನದ್ದು ತಯಾರು ಮಾಡಿದ ಮೇಲೆ ಉಸಿರು ಬಿಟ್ಟರೂ ಸಿಡಿಯುತ್ತೆ ಅನ್ನೋ ಹಾಗೆ ಇರುತ್ತೆ. ಬೆರಳು ತೆಗೆದೆ, ಬೋಲ್ಟ್ ಎತ್ತಿದೆ, ನೀರು ಕುಡಿದು ಬಂದೆ. ಐದನೆಯದು ಸ್ವಲ್ಪ ಬಲಕ್ಕೆ. 16 ಮಿಲಿಮೀಟರ್. ಎರಡನೇ ಗ್ರೂಪ್ 18. ಸರಾಸರಿ 17.

ಮೂರರಲ್ಲಿ ಕಡಿಮೆ ರೇಟಿನದ್ದು ಎ. ಬೈಕರ್ ಅವರಿಗೆ ವಿಶೇಷ ನಮಸ್ಕಾರ.

ಮಣಿಪಾಲ ಬೈಕರ್

ನನ್ನ ಮಾತು ಕೇಳಿದ್ದರೆ 34ರಲ್ಲಿ ಕೂತಿರ್ತಿದ್ರಿ. ನಾನು ಬೈಕ್ ಬಗ್ಗೆ ಮಾತ್ರ ಸಲಹೆ ಕೊಡ್ತೇನೆ ಇನ್ನು.

ಹತ್ತು ಪಾಯಿಂಟ್ ಒಂಬತ್ತು

ಒಂದೂಕಾಲು ಮಿನಿಟಿನ ಒಳಗೆ! ಬಾಯಲ್ಲಿ ಗುಳಿ ಇರೋ, ಇಷ್ಟು ವಯಸ್ಸಾದ ನಳಿಗೆಗೆ ಇದು ಸಣ್ಣ ಮಾತಲ್ಲ. ಬಿ 38 ಇದ್ದದ್ದು 34ಕ್ಕೆ ಮಾತ್ರ ಇಳಿದದ್ದು ನೋಡಿ. ತಿರುಪು ಬಿಗಿ ಆದ್ರೂ ಅದಕ್ಕೆ ನಳಿಗೆ ಒಪ್ಪಲಿಲ್ಲ. ಡಕೋಟದವರ ಕೋವಿಗೆ ಅದೇ ಬಗೆ ಪ್ರಾಣ.

ಈಗ ಡಬ್ಬಿಯ ಮೇಲಿನ ಲಾಟ್ ನಂಬರ್ ಬರೆದಿಟ್ಟುಕೊಳ್ಳಿ. ಹೆಸರು ಅದೇ ಇದ್ದರೂ ಲಾಟ್ ಬೇರೆ ಆದ್ರೆ ಮದ್ದಿನ ಕಂತು ಬೇರೆ. ಪುನಃ ಹೊಡೆದು ನೋಡಬೇಕು.

ಡಕೋಟದ ಕುಂದಾಪ್ರದವ

100 ಮೀಟರಿಗೂ ಒಮ್ಮೆ ನೋಡಿ. 50ರಲ್ಲಿ ಸರಿ ಇದ್ದದ್ದು ಕೆಲವೊಮ್ಮೆ ಅಲ್ಲಿ ಬಣ್ಣ ಬಿಡುತ್ತೆ. 200ರ ಆಸೆ ಬೇಡ. ಒಂದು ಸಾಧಾರಣ ಅಡ್ಡಗಾಳಿಗೆ ಹಾರ್ನೆಟ್ ಅಲ್ಲಿ ಒಂದಡಿಗಿಂತ ಜಾಸ್ತಿ ಪಕ್ಕಕ್ಕೆ ಹೋಗುತ್ತೆ.

ಅಂದ ಹಾಗೆ, 1950ರ ಸುಮಾರಿಗೆ ಅಮೆರಿಕದ ವಾಯುಪಡೆಯವರು ವಿಮಾನ ಬಿದ್ದರೆ ಪೈಲಟ್ ಮೊಲ ಹೊಡೆದು ತಿನ್ನಲಿ ಅಂತ ಒಂದು ಮಡಚೋ ಕೋವಿ ಕೊಡುತ್ತಿದ್ದರು. ಎಂ6 ಅಂತ. ಅದರ ಮೇಲಿನ ನಳಿಗೆ ಹಾರ್ನೆಟ್. ಬೊಂಡ ಬೀಳಿಸಿದ ಅಜ್ಜ ಅವರಿಗಿಂತ ಏನೂ ಕಡಿಮೆ ಇಲ್ಲ.

ಬೆಳ್ತಂಗಡಿ ಅಡಿಕೆ

ನನ್ನ ಒಂಟಿ ನಳಿಗೆಗೂ ಈ ನೋಟಿನ ಪರೀಕ್ಷೆ ಮಾಡಿದೆ. ಎಲ್ಲೂ ಹೋಗೋದಿಲ್ಲ, ನೋಟೇ ಹರಿಯಿತು.

ಹಳೇ ಕೋವಿಕಾರ

ಅದಕ್ಕೆ ಆ ಪರೀಕ್ಷೆ ಇಲ್ಲ ಅಡಿಕೆಯವರೇ. ಹತ್ತು ರೂಪಾಯಿ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ. ನಿಮಗೆ ಬೇಕಾದ್ದು ನಳಿಗೆಯ ಕೆಂಪು ಪುಡಿಗೆ ಮದ್ದು. ಮುಂದಿನ ಸಲ ಠಾಣೆಗೆ ಕೊಡೋ ಮೊದಲು ಒಳಗೆ ದಪ್ಪಗೆ ಗ್ರೀಸ್ ಎಳೆಯಿರಿ. ಬಾಯಿಗೆ ಬೆಣೆ ಹೊಡೀಬೇಡಿ, ಒಳಗೆ ತೇವ ನಿಲ್ಲುತ್ತೆ. ವಾಪಸ್ ಬಂದ ಮೇಲೆ ಆ ಗ್ರೀಸ್ ಪೂರ್ತಿ ತೆಗೆಯದೆ ಒಂದು ಈಡೂ ಹೊಡೀಬೇಡಿ.

ಹೆಬ್ರಿ ಹೊಳೆಬದಿ

ಅಂಗಡಿಗೆ ಫೋನ್ ಮಾಡಿದೆ. ಎ ಇನ್ನೂ ಎರಡು ಡಬ್ಬಿ ಇದೆಯಂತೆ. ಲಾಟ್ ನಂಬರ್ ಓದಿ ಅಂದೆ. ಆಚೆ ಕಡೆಯವರು ನಕ್ಕರು, ಆದ್ರೂ ಓದಿದರು. ಒಂದು ನನ್ನದೇ ಲಾಟ್, ಇನ್ನೊಂದು ಬೇರೆ. ನನ್ನ ಲಾಟಿನದ್ದು ತೆಗೆದಿಡೋಕೆ ಹೇಳಿದ್ದೇನೆ. ಲೈಸನ್ಸಿನ ಪ್ರಕಾರ ಈ ವರ್ಷ ತಗೊಳ್ಳಬಹುದಾದ ತೋಟಾದ ಲೆಕ್ಕದಲ್ಲಿ ಅಷ್ಟಕ್ಕೆ ಜಾಗ ಉಂಟು. ಬಿ ಮತ್ತು ಸಿ ಒಂದೊಂದು ತೋಟಾ ಉಳಿದಿದೆ. ಹತ್ತಿರದಲ್ಲಿ ಯಾರಾದ್ರೂ ಹಾರ್ನೆಟ್ ಇಟ್ಟುಕೊಂಡಿದ್ದರೆ ಕೊಡಬಹುದಾ?

ನಿರ್ವಾಹಕ

ಇಲ್ಲಿ ತೋಟಾ ಕೊಡೋದು, ಕೊಳ್ಳೋದು, ಬದಲಾಯಿಸೋದು ಯಾವುದೂ ಇಲ್ಲ. ಒಂದಾದರೂ ಅಷ್ಟೇ, ನೂರಾದರೂ ಅಷ್ಟೇ. ರೇಂಜ್‌ನಲ್ಲಿ ನೀವೇ ಹೊಡೆದು ಮುಗಿಸಿ.

ಹೆಬ್ರಿ ಹೊಳೆಬದಿ

ಆಯ್ತು. ಆ ಎರಡನ್ನು 100 ಮೀಟರಿನ ದಿನ ನಳಿಗೆ ಬಿಸಿ ಮಾಡೋಕೆ ಇಟ್ಟುಕೊಳ್ತೇನೆ. ಹೊಸ ಡಬ್ಬಿಯನ್ನು ಹಟ್ಟಿಯ ಅಟ್ಟದಲ್ಲಿ ಇಡೋದಿಲ್ಲ, ಒಳಕೋಣೆಯ ಕಬ್ಬಿಣದ ಕಪಾಟಿಗೆ ಬೀಗ ಹಾಕಿ ಇಡ್ತೇನೆ. ಅಜ್ಜನ ಹಳೆಯ ತಗಡಿನ ಡಬ್ಬಿ ಖಾಲಿ ಆಯ್ತಲ್ಲ. ಅಮ್ಮ ಅದನ್ನು ಎರಡು ಸಲ ಸಾಬೂನು ಹಾಕಿ ತೊಳೆದು, ಸೂಜಿ, ನೂಲು, ಅಂಗಿ ಗುಂಡಿ ತುಂಬಿಸಿ ಇಟ್ಟಿದ್ದಾರೆ.